ಮೆಟ್ರೊ, ಸಬ್‌ವೇ, ಟ್ಯೂಬ್: ಯಾವ ಊರಿನಲ್ಲಿ ಯಾವುದು?

ಕಳೆದ ತಿಂಗಳು ಒಂದು ಅನುವಾದದ ಕರಡು ತಿದ್ದಲು ಬಂದಿತ್ತು. ನ್ಯೂಯಾರ್ಕಿನಲ್ಲಿ ನಡೆಯುವ ಕಥೆ. ರಾತ್ರಿ ಪಾಳಿ ಮುಗಿಸಿದ ಹುಡುಗನೊಬ್ಬ ‘ಸುರಂಗಮಾರ್ಗದಲ್ಲಿ ಮಲಗಿಬಿಟ್ಟ, ಬೆಳಗ್ಗೆ ಬ್ರಾಂಕ್ಸ್‌ನಲ್ಲಿ ಎದ್ದ’ ಎಂದಿತ್ತು. ಬ್ರಾಂಕ್ಸ್ ಎಂದರೆ ಅದೇ ನ್ಯೂಯಾರ್ಕಿನ ಒಂದು ಭಾಗ. ನನ್ನ ಕಣ್ಣಿಗೆ ಬಂದದ್ದು ಮೆಜೆಸ್ಟಿಕ್ಕಿನ ಸಬ್‌ವೇ. ರಸ್ತೆಯ ಕೆಳಕ್ಕೆ ಇಳಿಯುವ ಮೆಟ್ಟಿಲು, ಗಡಿಬಿಡಿಯಲ್ಲಿ ಬಸ್‌ಸ್ಟ್ಯಾಂಡಿಗೆ ಓಡುವ ಜನ. ಅಂಥ ಕಡೆ ಮಲಗಿದವನು ಇನ್ನೆಲ್ಲೋ ಏಳುವುದು ಹೇಗೆ? ಮೂಲ ತೆಗೆದು ನೋಡಿದೆ. ಅಲ್ಲೂ ‘ಸಬ್‌ವೇ’ ಎಂದೇ ಇತ್ತು. ಹುಡುಗ ಮಲಗಿದ್ದು ರೈಲಿನಲ್ಲಿ.

ಅನುವಾದ ಮಾಡಿದಾಕೆಯನ್ನು ಬೈಯಲು ಮನಸ್ಸಾಗಲಿಲ್ಲ. ಬೆಂಗಳೂರಿನಲ್ಲಿ ಬೆಳೆದವರಿಗೆ ಸಬ್‌ವೇ ಎಂದರೆ ನಡೆದು ದಾಟುವ ದಾರಿಯೇ ಅಲ್ವಾ? ಲಂಡನ್ನಿನಲ್ಲೂ ಹಾಗೇ, ಆ ಬೋರ್ಡು ಪಾದಚಾರಿಗಳಿಗೆ. ಆದರೆ ಅದೇ ಬ್ರಿಟನ್ನಿನ ಗ್ಲಾಸ್ಗೋದಲ್ಲಿ 1896ರಲ್ಲಿ ಶುರುವಾದ ನೆಲದಡಿಯ ರೈಲಿನ ಹೆಸರೇ ಸಬ್‌ವೇ. 1904ರಲ್ಲಿ ಶುರುವಾದ ನ್ಯೂಯಾರ್ಕಿನ ರೈಲಿಗೂ ಅದೇ ಹೆಸರು. ಅದಕ್ಕೇ ಇಂಥ ಪದ ಎದುರಾದಾಗ ನಾನು ನಿಘಂಟು ತೆಗೆಯುವ ಮೊದಲು ಕಥೆ ನಡೆಯುವ ಊರು ಯಾವುದು ಅಂತ ನೋಡುತ್ತೇನೆ.

ಲಂಡನ್ನಿನ ‘ಟ್ಯೂಬ್’ ಇನ್ನೂ ಜಾಸ್ತಿ ಕಾಡುತ್ತದೆ. ‘ಟ್ಯೂಬ್ ಹಿಡಿದು ಆಫೀಸಿಗೆ ಹೋದಳು’ ಎಂದು ಬರೆದರೆ ನಮ್ಮವರಿಗೆ ಕಾಣುವುದು ಟ್ಯೂಬ್‌ಲೈಟು, ಇಲ್ಲವೇ ಸೈಕಲ್ ಟ್ಯೂಬು. ಆ ಹೆಸರಿಗೊಂದು ಕಾರಣವಿದೆ. 1863ರ ಜನವರಿಯಲ್ಲಿ ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ಗೆ ಲಂಡನ್ನಿನ ಮೊದಲ ನೆಲದಡಿಯ ರೈಲು ಓಡಿತು. ಅದರ ಬಹುಪಾಲು ದಾರಿಯನ್ನು ರಸ್ತೆ ಅಗೆದು, ಹಳಿ ಹಾಕಿ, ಮೇಲೆ ಮತ್ತೆ ಮುಚ್ಚಿ ಮಾಡಿದ್ದರು. ಎಳೆಯುತ್ತಿದ್ದದ್ದು ಹೊಗೆ ಕಾರುವ ಉಗಿ ಎಂಜಿನ್. 1890ರಲ್ಲಿ ತೀರಾ ಆಳದಲ್ಲಿ, ಕೊಳವೆಯಂತೆ ಗುಂಡಗೆ ಕೊರೆದ ದಾರಿಯಲ್ಲಿ ವಿದ್ಯುತ್ ರೈಲು ಬಂತು. ಕೊಳವೆಯ ಆ ಆಕಾರದಿಂದಲೇ ಟ್ಯೂಬ್ ಎಂಬ ಹೆಸರು ಹುಟ್ಟಿತು. ನಾನಂತೂ ಮೊದಲ ಸಲ ‘ಟ್ಯೂಬ್ ರೈಲು’ ಎಂದು ಬರೆದು, ಆಮೇಲೆ ಸುಮ್ನೆ ‘ರೈಲು’ ಎನ್ನುತ್ತೇನೆ.

ಇನ್ನು ನಮ್ಮ ಬಾಯಲ್ಲೇ ದಿನವೂ ಓಡಾಡುವ ಮೆಟ್ರೊ. 1863ರ ಆ ರೈಲು ಓಡಿಸಿದ ಕಂಪನಿಯ ಹೆಸರು ಮೆಟ್ರೊಪಾಲಿಟನ್ ರೈಲ್ವೆ. ಮೆಟ್ರೊಪಾಲಿಸ್ ಎಂದರೆ ಗ್ರೀಕಿನಲ್ಲಿ ತಾಯಿ ಊರು. ಮುಂದೆ 1900ರಲ್ಲಿ ಪ್ಯಾರಿಸ್ಸಿನವರು ತಮ್ಮ ರೈಲು ಕಂಪನಿಯ ಉದ್ದನೆಯ ಹೆಸರನ್ನು ಕತ್ತರಿಸಿ ‘ಮೆಟ್ರೊ’ ಎಂದರು. ಮಾಸ್ಕೊ 1935ರಲ್ಲಿ, ಕಲ್ಕತ್ತ 1984ರಲ್ಲಿ ಅದೇ ಹೆಸರು ಹಿಡಿದವು. ಆ ಪದದೊಳಗೆ ನೆಲವೂ ಇಲ್ಲ, ಸುರಂಗವೂ ಇಲ್ಲ. ಇರುವುದು ಊರು ಮಾತ್ರ.

ಹಾಗಾಗಿ ಮೆಟ್ರೊ ಎಂದ ಕಡೆಯೆಲ್ಲ ‘ಸುರಂಗ ರೈಲು’ ಎಂದು ಬರೆಯುವುದು ನನಗೆ ಒಪ್ಪುವುದಿಲ್ಲ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಓಡಿದ ನಮ್ಮ ಮೊದಲ ಮೆಟ್ರೊ ನೆಲದೊಳಗೆ ಇಳಿಯಲೇ ಇಲ್ಲ. ಎಂ.ಜಿ. ರೋಡ್ ಬಿಟ್ಟ ಮೇಲೆ ಕಿಟಕಿಯಾಚೆ ಕತ್ತಲಾಗಿ ಕಬ್ಬನ್ ಪಾರ್ಕ್ ನಿಲ್ದಾಣ ಬರುತ್ತದಲ್ಲ, ಆ ದಾರಿ ತೆರೆದದ್ದು 2016ರಲ್ಲಿ. ಜಯನಗರದಲ್ಲಿ ಇವತ್ತಿಗೂ ಮೆಟ್ಟಿಲು ಹತ್ತಿಯೇ ಮೆಟ್ರೊ ಹಿಡಿಯಬೇಕು. ಲಂಡನ್ನಿನ ಅಂಡರ್‌ಗ್ರೌಂಡ್ ಕೂಡ ಅರ್ಧಕ್ಕಿಂತ ಹೆಚ್ಚು ಓಡುವುದು ನೆಲದ ಮೇಲೆ.

ಜೊತೆಗೆ, ಸುರಂಗ ಎಂದರೆ ಕನ್ನಡಿಗರ ಮನಸ್ಸು ಹೋಗುವುದೇ ಬೇರೆ ಕಡೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು 57 ಸುರಂಗ ದಾಟುತ್ತದೆ, ಒಂದೊಂದರಲ್ಲೂ ಮಕ್ಕಳು ಕೂಗು ಹಾಕುತ್ತಾರೆ. ಕಾಸರಗೋಡಿನ ಕೃಷಿಕರಿಗೆ ಸುರಂಗ ಎಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ದಾರಿ. ಕೊಳವೆ ಎಂಬ ಅರ್ಥದ ಗ್ರೀಕಿನ ‘ಸಿರಿಂಕ್ಸ್’ ಸಂಸ್ಕೃತಕ್ಕೆ ಬಂದು ಸುರುಂಗಾ ಆಯಿತು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಅದನ್ನು ಒಪ್ಪಿದರೆ ನಮ್ಮ ಸುರಂಗವೂ ಲಂಡನ್ನಿನ ಟ್ಯೂಬೂ ಅರ್ಥದಲ್ಲಿ ಒಂದೇ. ಇದನ್ನು ಮೊದಲು ಓದಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ರೈಲು ನಿಜಕ್ಕೂ ಕೆಳಗಿದ್ದು, ಕಥೆಗೂ ಅದು ಬೇಕಾಗಿದ್ದರೆ ‘ನೆಲದಡಿಯ ರೈಲು’ ಚೆನ್ನಾಗಿ ಕೂರುತ್ತದೆ. ಆ ಹುಡುಗನ ವಾಕ್ಯಕ್ಕೂ ಅದನ್ನೇ ಹಾಕಲು ಹೊರಟಿದ್ದೆ. ನಕಾಶೆ ನೋಡಿ ಕೈಬಿಟ್ಟೆ. ಬ್ರಾಂಕ್ಸ್‌ನಲ್ಲಿ ಆ ರೈಲು ಹೆಚ್ಚಾಗಿ ಓಡುವುದು ಕಂಬಗಳ ಮೇಲೆ, ಬಯಲಿನಲ್ಲಿ. ಅನುವಾದಕಿಯೂ ನಾನೂ ಫೋನಿನಲ್ಲಿ ಮಾತಾಡಿ ಕೊನೆಗೆ ಹೀಗೆ ಬರೆದೆವು: ‘ರೈಲಿನಲ್ಲೇ ನಿದ್ದೆ ಹತ್ತಿತು. ಕಣ್ಣು ಬಿಟ್ಟಾಗ ಕಿಟಕಿ ತುಂಬ ಬಿಸಿಲು. ಬ್ರಾಂಕ್ಸ್ ಬಂದಿತ್ತು.’