ಕಂಪನಿಗೆ ಬೆಲೆ ಕಟ್ಟುವವರು ಯಾರು?

1990ರ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ. ಬೆಂಗಳೂರಿನ ಸಣ್ಣ ಆಫೀಸೊಂದರಲ್ಲಿ ಇನ್ಫೋಸಿಸ್‌ನ ಏಳು ಸ್ಥಾಪಕರ ಪೈಕಿ ಐದು ಜನ ಕೂತಿದ್ದರು. ಕಂಪನಿಯನ್ನು ಹತ್ತು ಲಕ್ಷ ಡಾಲರ್‌ಗೆ ಮಾರುವುದೋ ಬೇಡವೋ ಅನ್ನೋದು ಅವತ್ತಿನ ಮಾತು. ಆಗಿನ ಲೆಕ್ಕದಲ್ಲಿ ಒಂದೂಮುಕ್ಕಾಲು ಕೋಟಿ ರೂಪಾಯಿ ಆಸುಪಾಸು. ಒಂಬತ್ತು ವರ್ಷ ದುಡಿದು ಸುಸ್ತಾದವರಿಗೆ ಅದೇನು ಸಣ್ಣ ದುಡ್ಡಲ್ಲ. ಎಲ್ಲರೂ ಮಾತಾಡಿದ ಮೇಲೆ ನಾರಾಯಣ ಮೂರ್ತಿ, ಹಾಗಾದರೆ ನಿಮ್ಮೆಲ್ಲರ ಪಾಲನ್ನು ನಾನೇ ಕೊಳ್ಳುತ್ತೇನೆ ಎಂದರು. ಕೈಯಲ್ಲಿ ಕಾಸಿರಲಿಲ್ಲ, ಅದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಕೊನೆಗೆ ಯಾರೂ ಮಾರಲಿಲ್ಲ.

ಆ ಕಂಪನಿಯ ಬೆಲೆ ನಿಜಕ್ಕೂ ಅಷ್ಟೇನಾ? ಹೇಳುವವರು ಯಾರು?

ಆಗ ಅದನ್ನು ಹೇಳುತ್ತಿದ್ದುದು ಸರ್ಕಾರ. ಷೇರು ಮಾರಿ ಜನರಿಂದ ದುಡ್ಡು ಎತ್ತಬೇಕು ಅಂದರೆ ದಿಲ್ಲಿಯಲ್ಲಿದ್ದ ಬಂಡವಾಳ ನಿಯಂತ್ರಕರ ಒಪ್ಪಿಗೆ ಬೇಕಿತ್ತು, ಷೇರಿನ ಬೆಲೆಯೂ ಅಲ್ಲೇ ತೀರ್ಮಾನ. ಅವರ ಸೂತ್ರ ನೋಡುತ್ತಿದ್ದುದು ಎರಡನ್ನು: ಕಂಪನಿ ಹತ್ತಿರ ಆಸ್ತಿ ಎಷ್ಟಿದೆ, ಹಿಂದೆ ಲಾಭ ಎಷ್ಟು ಬಂದಿದೆ. ಕಾರ್ಖಾನೆ ಇದ್ದವರಿಗೆ ಸರಿ. ನಾಲ್ಕು ಮೇಜು, ಒಂದು ಕಂಪ್ಯೂಟರ್, ಒಂದಷ್ಟು ಬುದ್ಧಿವಂತ ಹುಡುಗರು ಇದ್ದವರಿಗೆ ಅಲ್ಲ.

ಬ್ಯಾಂಕಿನದ್ದೂ ಅದೇ ಕಥೆ. 1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಇಟ್ಟುಕೊಂಡು ಬಯೋಕಾನ್ ಶುರು ಮಾಡಿದರು. ಪಪ್ಪಾಯಿಯಿಂದ ಕಿಣ್ವ ತೆಗೆಯುವ ಕೆಲಸ. ಸಾಲ ಕೇಳಿದರೆ ಬ್ಯಾಂಕುಗಳು ಹಿಂಜರಿದವು. ಹೆಣ್ಣುಮಗಳು, ವಯಸ್ಸು 25, ಯಾರಿಗೂ ಗೊತ್ತಿಲ್ಲದ ವ್ಯಾಪಾರ, ಅಡವಿಡಲು ಏನೂ ಇಲ್ಲ. ಇಂಥವರಿಗಾಗಿಯೇ ಉದ್ಯಮಗಳಿಗೆ ಸಾಲ ಕೊಡುತ್ತಿದ್ದ ಐಸಿಐಸಿಐ ಮತ್ತು ಮ್ಯೂಚುವಲ್ ಫಂಡ್ ಸಂಸ್ಥೆ ಯುಟಿಐ ಸೇರಿ 1988ರಲ್ಲಿ ಬೆಂಗಳೂರಿನಲ್ಲಿ ಟಿಡಿಐಸಿಐ ಎಂಬ ಸಂಸ್ಥೆ ಕಟ್ಟಿದವು. ಅಡಮಾನ ಕೇಳದೆ, ಕೆಲಸದ ಮೇಲೆ ನಂಬಿಕೆ ಇಟ್ಟು ಪಾಲು ತಗೊಳ್ಳುವುದು ನಮ್ಮಲ್ಲಿ ಹೀಗೆ ಬೇರೂರಿತು. ಬಯೋಕಾನ್‌ಗೂ ನೆರವು ಸಿಕ್ಕಿತು. 2004ರಲ್ಲಿ ಷೇರುಪೇಟೆಗೆ ಬಂದ ಮೊದಲ ದಿನವೇ ಅದರ ಬೆಲೆ ನೂರು ಕೋಟಿ ಡಾಲರ್ ದಾಟಿತು.

1992ರಲ್ಲಿ ನಿಯಂತ್ರಕರ ಹುದ್ದೆಯೇ ಹೋಯಿತು. ಕಂಪನಿಯೇ ತನ್ನ ಬೆಲೆ ಹೇಳಬಹುದು, ಜನ ಒಪ್ಪಬೇಕು ಅಷ್ಟೆ. 1993ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಹತ್ತು ರೂಪಾಯಿ ಮುಖಬೆಲೆಯ ಷೇರಿಗೆ 95 ರೂಪಾಯಿ ಕೇಳಿತು. ಜನ ಮುಗಿಬೀಳಲಿಲ್ಲ! ಷೇರು ಪೂರ್ತಿ ಖರ್ಚಾಗದೆ ಉಳಿದಾಗ ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟಾನ್ಲಿ ಶೇ 13ರಷ್ಟು ಪಾಲು ಕೊಂಡು ಕೈಹಿಡಿಯಿತು. ಜೂನ್‌ನಲ್ಲಿ ವಹಿವಾಟು ಶುರುವಾದಾಗ ಬೆಲೆ 145. 1999ರಲ್ಲಿ ಅಮೆರಿಕದ ಷೇರುಪೇಟೆ ನಾಸ್‌ಡಾಕ್‌ಗೂ ಹೋಯಿತು.

ನನಗೆ ಇದೆಲ್ಲಕ್ಕಿಂತ ಇಷ್ಟವಾಗೋದು ಆ ಕಾಲದ ಇನ್ಫೋಸಿಸ್ ವಾರ್ಷಿಕ ವರದಿ. ಕಟ್ಟಡ, ಯಂತ್ರಗಳ ಲೆಕ್ಕದ ಜೊತೆಗೆ ತನ್ನ ನೌಕರರು ಮುಂದೆ ದುಡಿಯಬಹುದಾದ ಸಂಬಳವನ್ನು ಇವತ್ತಿನ ಬೆಲೆಗೆ ಇಳಿಸಿ, ಮನುಷ್ಯರ ಮೌಲ್ಯ ಇಷ್ಟು ಅಂತ ಅದರಲ್ಲಿ ಅಚ್ಚು ಹಾಕುತ್ತಿದ್ದರು. ಲೆಕ್ಕ ಪೂರ್ತಿ ಸರಿಯೋ ಇಲ್ಲವೋ, ದಿಲ್ಲಿಯ ಸೂತ್ರ ಬಿಟ್ಟಿದ್ದನ್ನು ಅವರು ಕಾಗದದ ಮೇಲೆ ತಂದರು.

ಆಮೇಲೆ ಬಂದಿದ್ದು ಫ್ಲಿಪ್‌ಕಾರ್ಟ್ ಕಾಲ. ಷೇರುಪೇಟೆಗೆ ಇನ್ನೂ ಬರದ ಇಂಥ ಕಂಪನಿಗಳ ಬೆಲೆ ಹೇಳುವುದು ಸರ್ಕಾರವೂ ಅಲ್ಲ, ಪೇಟೆಯೂ ಅಲ್ಲ. ಒಂದು ಕೋಣೆಯಲ್ಲಿ ಕೂತ ಕೆಲವೇ ಜನ. ಇಲ್ಲೇ ಸ್ವಲ್ಪ ನಿಂತು ನೋಡಬೇಕು. ಹೂಡಿಕೆದಾರರು ನೂರು ಕೋಟಿ ಕೊಟ್ಟು ಶೇ 10 ಪಾಲು ತಗೊಂಡರು ಅನ್ನಿ. ಮಾರನೇ ದಿನ ಪೇಪರ್‌ನಲ್ಲಿ ಬರೋದು ‘ಸಾವಿರ ಕೋಟಿಯ ಕಂಪನಿ’. ಒಳಗೆ ಬಂದಿದ್ದು ನೂರು ಕೋಟಿ ಮಾತ್ರ, ಉಳಿದಿದ್ದು ಗುಣಾಕಾರ. ಜೊತೆಗೆ ಆ ಷೇರಿಗೆ ವಿಶೇಷ ಹಕ್ಕು ಇರುತ್ತದೆ, ಕಂಪನಿ ಮಾರಾಟವಾದರೆ ಮೊದಲು ಅವರ ಅಸಲು ವಾಪಸ್. ನಾಳೆ ಕಂಪನಿ 120 ಕೋಟಿಗೆ ಹೋಯಿತು ಅಂದರೆ ನೂರು ಅವರಿಗೆ. ಶೇ 90 ಪಾಲಿದ್ದ ಸ್ಥಾಪಕರು, ನೌಕರರು ಎಲ್ಲರಿಗೂ ಸೇರಿ ಉಳಿಯೋದು ಬರೀ 20.

ಬೆಲೆ ಏರುತ್ತಿದ್ದಾಗ ಇದು ಯಾರ ಕಣ್ಣಿಗೂ ಬೀಳಲ್ಲ. ಫ್ಲಿಪ್‌ಕಾರ್ಟ್‌ನಲ್ಲಿ ಕಾಗದದ ಬೆಲೆ ನಿಜವಾದ ದುಡ್ಡೇ ಆಯಿತು, 2018ರಲ್ಲಿ ವಾಲ್‌ಮಾರ್ಟ್ ಸುಮಾರು ಶೇ 77 ಪಾಲಿಗೆ 1,600 ಕೋಟಿ ಡಾಲರ್ ಕೊಟ್ಟಿತು. ಆನ್‌ಲೈನ್ ಪಾಠದ ಕಂಪನಿ ಬೈಜೂಸ್‌ನಲ್ಲಿ ಉಲ್ಟಾ. 2022ರಲ್ಲಿ 2,200 ಕೋಟಿ ಡಾಲರ್ ಬೆಲೆ, 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯಲ್ಲಿ ದಿವಾಳಿ ಪ್ರಕ್ರಿಯೆ. ಅದರಲ್ಲಿ ಶೇ 9ಕ್ಕೂ ಜಾಸ್ತಿ ಪಾಲಿದ್ದ ಹೂಡಿಕೆ ಕಂಪನಿ ಪ್ರೋಸಸ್ ತನ್ನ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ ಎಂದು ಬರೆದುಕೊಂಡಿತು.

ಹಾಗಾಗಿ ಸಂಬಳ ಕಮ್ಮಿ, ಷೇರು (ಅಂದರೆ ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಹಕ್ಕು) ಜಾಸ್ತಿ ಅಂತ ಆಫರ್ ಲೆಟರ್ ಕೈಯಲ್ಲಿ ಹಿಡಿದು ಕೂತಿರುವ ಹುಡುಗ ಹುಡುಗಿಯರೇ, ಸಹಿ ಹಾಕೋ ಮುಂಚೆ ಮೂರು ಪ್ರಶ್ನೆ ಕೇಳಿ. ಒಟ್ಟು ಷೇರು ಎಷ್ಟಿವೆ? ನನಗಿಂತ ಮುಂಚೆ ದುಡ್ಡು ಪಡೆಯುವ ಹಕ್ಕು ಯಾರಿಗಿದೆ, ಎಷ್ಟು ಕೋಟಿಯವರೆಗೆ? ಕೆಲಸ ಬಿಟ್ಟರೆ ಷೇರು ಕೊಳ್ಳಲು ನನಗೆ ಎಷ್ಟು ದಿನ ಕೊಡ್ತೀರಿ?