ತಲಪಾಡಿಯಿಂದ ಬೇಕಲಕ್ಕೆ ಕಡಲ ಬದಿಯಲ್ಲೇ ನಡೆದು ಹೋಗಬಹುದಾ?

ಓದುಗರ ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ನಾವು ನಾಲ್ಕು ಜನ ತಲಪಾಡಿಯಿಂದ ಬೇಕಲ ಕೋಟೆವರೆಗೆ ನಡೆದು ಹೋಗಬೇಕು ಅಂತಿದ್ದೇವೆ, ಆದಷ್ಟು ಕಡಲ ಬದಿಯಲ್ಲೇ. ನಡುವೆ ಒಂದು ಗುಡ್ಡೆ, ಸ್ವಲ್ಪ ಹಳ್ಳಿ ಕಡೆಯೂ ಸೇರಲಿ ಅಂತ ಆಸೆ. ದಿನಕ್ಕೆ ಎಷ್ಟು ಕಿಲೋಮೀಟರ್ ಇಟ್ಟುಕೊಳ್ಳಬೇಕು? ನಾಲ್ಕು ದಿನ ಸಾಕಾ?

ನಾಲ್ಕು ದಿನ ಧಾರಾಳ ಸಾಕು. ಆದರೆ ಕಡಲ ಬದಿ ಹಿಡಿದು ಒಂದೇ ಸಮನೆ ನಡೆಯುವ ಯೋಚನೆ ಬಿಡಿ, ಅದು ಆಗುವ ಮಾತಲ್ಲ.

ಮ್ಯಾಪಿನಲ್ಲಿ ನೋಡಿದರೆ ಸುಮಾರು 50 ಕಿಲೋಮೀಟರ್. ಉದ್ದಕ್ಕೂ ಮರಳು. ದಿನಕ್ಕೆ ಹದಿಮೂರು ನಡೆದರೆ ಮುಗಿಯಿತು ಅನಿಸುತ್ತದೆ, ಅಲ್ವಾ? ಆ ಲೆಕ್ಕದಲ್ಲಿ ಹೊಳೆಗಳು ಬರುವುದಿಲ್ಲ. ಮಂಜೇಶ್ವರ ಹೊಳೆ, ಉಪ್ಪಳ ಹೊಳೆ, ಶಿರಿಯ, ಮೊಗ್ರಾಲ್, ಚಂದ್ರಗಿರಿ, ದೊಡ್ಡವೇ ಇಷ್ಟಾಯಿತು. ಕಳನಾಡು, ಬೇಕಲದ ಸಣ್ಣ ಹೊಳೆಗಳು ಬೇರೆ. ಹೊಳೆ ಕಡಲಿಗೆ ಸೇರುವ ಅಳಿವೆ ಬಂದ ಕೂಡಲೇ ಮರಳಿನ ದಾರಿ ನಿಂತುಹೋಗುತ್ತದೆ. ಅಲ್ಲಿಂದ ಒಳಕ್ಕೆ ತಿರುಗಿ ಸೇತುವೆ ಹುಡುಕಬೇಕು. ಸೇತುವೆ ಹೆಚ್ಚಾಗಿ ಸಿಗುವುದು ಹೆದ್ದಾರಿಯಲ್ಲಿ. ಆರು ಲೇನಿನ ಹೆದ್ದಾರಿ 66ರ ಅಂಚಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುವುದು ಯಾವ ಸೀಮೆಯ ರಜೆ?

ಎರಡು ಅಡ್ಡದಾರಿಗಳು ನಿಮಗೂ ಹೊಳೆಯಬಹುದು, ಅದಕ್ಕೇ ಮೊದಲೇ ಹೇಳುತ್ತೇನೆ. ಬೇಸಿಗೆ ಹತ್ತಿರವಾದಂತೆ ಕೆಲವು ಸಣ್ಣ ಹೊಳೆಗಳ ಬಾಯಿಗೆ ಮರಳು ಕಟ್ಟಿಕೊಳ್ಳುತ್ತದೆ. ನೋಡಿದರೆ ಮೊಣಕಾಲುದ್ದದ ನೀರು, ದಾಟಿಬಿಡೋಣ ಅನಿಸುತ್ತದೆ. ಇಳಿತದ ಹೊತ್ತಿಗೆ ಹೊಳೆಯ ನೀರೆಲ್ಲ ಅದೇ ಕಂಡಿಯಿಂದ ಹೊರಗೆ ನುಗ್ಗುತ್ತದೆ, ಕಾಲಡಿಯ ಮರಳು ಜಾರುತ್ತದೆ. ಅಲ್ಲಿನ ಮೀನುಗಾರರು ಬೇಡ ಅಂದರೆ ಬೇಡ. ಇನ್ನೊಂದು ರೈಲು ಸೇತುವೆ. ಅದರ ಮೇಲೆ ನಡೆಯುವುದು ಕಾನೂನು ಪ್ರಕಾರ ತಪ್ಪು. ಕಾನೂನು ಹೋಗಲಿ, ನಡುವೆ ರೈಲು ಬಂದರೆ ಬದಿಗೆ ಸರಿಯಲು ಜಾಗ ಇರುವುದಿಲ್ಲ.

ಹಾಗಾದರೆ ಏನು ಮಾಡುವುದು? ತುಂಡು ತುಂಡಾಗಿ ನಡೆಯಿರಿ. ಕಾಸರಗೋಡು ಪೇಟೆಯಲ್ಲಿ ರೂಮು ಮಾಡಿ, ಭಾರದ ಚೀಲ ಅಲ್ಲೇ ಬಿಡಿ. ಬೆಳಿಗ್ಗೆ ಬಸ್ಸೋ ಲೋಕಲ್ ರೈಲೋ ಹಿಡಿದು ಹೋಗಿ, ಎರಡು ಹೊಳೆಗಳ ನಡುವಿನ ಒಂದು ತುಂಡು ನಡೆದು, ಇನ್ನೊಂದು ಸ್ಟೇಷನ್ನಿನಿಂದ ವಾಪಸ್ ಬನ್ನಿ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಕಳನಾಡು, ಕೋಟಿಕುಳಂ, ಬೇಕಲ ಕೋಟೆ, ಹೀಗೆ ರೈಲು ದಾರಿ ಕಡಲಿಗೆ ಹತ್ತಿರವೇ ಸಾಗುತ್ತದೆ. ಸಣ್ಣ ಸ್ಟೇಷನ್‌ಗಳಲ್ಲಿ ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ, ಅದೊಂದು ನೋಡಿಕೊಳ್ಳಿ.

ಕಿಲೋಮೀಟರ್ ಕೇಳಿದಿರಿ. ದಿನಕ್ಕೆ 12, ಹೆಚ್ಚೆಂದರೆ 15. ನಮ್ಮಲ್ಲಿ ಕಾಲಿಗಿಂತ ಮೊದಲು ಸೋಲಿಸುವುದು ಸೆಖೆ. ಡಿಸೆಂಬರ್‌ನಲ್ಲೂ ಹನ್ನೊಂದು ಗಂಟೆ ದಾಟಿದರೆ ಬೆವರು ಆರುವುದಿಲ್ಲ. ಬೆಳಕು ಹರಿಯುವಾಗ ಹೊರಡಿ, ಹತ್ತೂವರೆಗೆ ದಿನದ ಮುಕ್ಕಾಲು ನಡಿಗೆ ಮುಗಿದಿರಲಿ. ಉಳಿದದ್ದು ಸಂಜೆ ನಾಲ್ಕರ ಮೇಲೆ.

ಮೊದಲ ದಿನ ಗುಡ್ಡೆಗೆ ಹೋಗಿ, ಕಾಲು ಹೊಸದಾಗಿರುವಾಗಲೇ. ಬಾಯಾರಿನ ಪೊಸಡಿಗುಂಪೆ ಸಾಕು. ಬಂದ್ಯೋಡಿನಿಂದ ಪೆರ್ಮುದೆ ಮೇಲೆ ಧರ್ಮತ್ತಡ್ಕಕ್ಕೆ ಬಸ್ಸಿದೆ, ಅಲ್ಲಿಂದ ನಡೆಯಬಹುದು. ಸಾವಿರ ಅಡಿಗೂ ಮೇಲಿನ ಬೋಳು ಗುಡ್ಡೆ, ತುದಿಯಲ್ಲಿ ಬರೀ ಮುಳಿಹುಲ್ಲು. ಆಕಾಶ ಶುಭ್ರವಾಗಿದ್ದರೆ ಪಡುವಲಿಗೆ ಕಡಲು, ಮೂಡಲಿಗೆ ಕುದುರೆಮುಖದ ಸಾಲು ಕಾಣುತ್ತದೆ. ನೆರಳು ಮಾತ್ರ ಕೇಳಬೇಡಿ. ಹತ್ತುವುದು ಕಷ್ಟವಿಲ್ಲ. ಇಳಿಯುವಾಗ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಸಣ್ಣ ಹರಳುಗಳು ಕಾಲಡಿ ಉರುಳುತ್ತವೆ, ಹಾಗಾಗಿ ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ.

ಗುಡ್ಡೆ ಇಳಿದು ಬಸ್ಸಿಗೆ ಓಡಬೇಡಿ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ತೋಟಗಳಲ್ಲಿ ಇರುವ ಸುರಂಗ ಕಾಸರಗೋಡಿನ ನಿಜವಾದ ಬೆರಗು. ಕೋಟೆಗಿಂತ ನನಗೆ ಇದೇ ಹೆಚ್ಚು. ಗುಡ್ಡೆಯ ಬದಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲದಲ್ಲಿ, ಪಿಕ್ಕಾಸಿನಿಂದ ಮುರಕಲ್ಲು ಕೊರೆದು ಮಾಡಿದ್ದು. ಒಳಕ್ಕೆ ಹೋದಂತೆ ನೆಲ ತುಸು ಏರುತ್ತದೆ. ಮಳೆಗಾಲದಲ್ಲಿ ಗುಡ್ಡೆ ಕುಡಿದ ನೀರು ಗೋಡೆಯಿಂದ ಒಸರಿ, ಆ ಇಳಿಜಾರಿನಲ್ಲಿ ತಾನಾಗಿ ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಅಗೆಯುವವರು ಕೈಯಲ್ಲಿ ಮೋಂಬತ್ತಿ ಹಿಡಿದು ಹೋಗುತ್ತಿದ್ದರು. ಅದು ಮಂಕಾದರೆ ಒಳಗೆ ಉಸಿರಾಡುವ ಗಾಳಿ ಕಡಿಮೆ ಅಂತ ತಿಳಿದು ಹೊರಗೆ ಬರುತ್ತಿದ್ದರು. ಬಾಯಿಯ ಹತ್ತಿರ ಅಡಕೆ ಮರದ ದಂಬೆಯಲ್ಲೋ ಪೈಪಿನಲ್ಲೋ ನೀರು ಸಣ್ಣ ಕೆರೆಗೆ ಬೀಳುತ್ತಿರುತ್ತದೆ. ಕೈಯೊಡ್ಡಿದರೆ ಡಿಸೆಂಬರ್ ಬಿಸಿಲಿಗೂ ತಣ್ಣಗೆ. ಹೊರಗಿನಿಂದ ನೋಡಿ, ಒಳಗೆ ಮಾತ್ರ ಹೋಗಬೇಡಿ. ಬಾವಲಿಗಳಿರುತ್ತವೆ, ಹಾವಿರಬಹುದು, ಗಾಳಿಯ ಕಥೆ ಆಗಲೇ ಹೇಳಿದೆ.

ಸುರಂಗ ಇರುವುದು ಯಾರದ್ದೋ ತೋಟದಲ್ಲಿ ಅನ್ನುವುದು ನೆನಪಿರಲಿ. ಇಲ್ಲಿ ನಡೆಯುವವರಿಗಾಗಿ ಗುರುತು ಹಾಕಿದ ದಾರಿಗಳಿಲ್ಲ. ಎರಡು ಬದಿ ಪಾಚಿ ಹಿಡಿದ ಓಣಿ, ತೋಟದ ಬದಿಯ ಕಾಲುದಾರಿ, ತೋಡಿಗೆ ಹಾಕಿದ ಅಡಕೆ ಮರದ ಸಂಕ, ಇವೇ ದಾರಿ. ಅಂಗಳದಲ್ಲಿ ಅಡಕೆ ಹರಡುವವರನ್ನು ಕಂಡರೆ ನಿಂತು ಕೇಳಿ: "ಅಣ್ಣ, ಈ ದಾರಿಯಾಗಿ ಆಚೆ ರಸ್ತೆಗೆ ಹೋಗಬಹುದಾ?" ಬೇಡ ಅನ್ನುವವರು ಕಡಿಮೆ. ಹವ್ಯಕರ ಮನೆಯಾದರೆ "ಆಸರಿಂಗೆ ಎಂತ ಬೇಕು?" ಅಂತ ಕೇಳಿ, ಮಜ್ಜಿಗೆಯೋ ಬೆಲ್ಲ ನೀರೋ ಕೊಟ್ಟೇ ಕಳಿಸುತ್ತಾರೆ. ನಾಯಿ ಇದ್ದರೆ ಗೇಟಿನಲ್ಲೇ ಕರೆಯಿರಿ. ಬೇಲಿಯ ನಡುವೆ ಕೋಲು ಅಡ್ಡ ಹಾಕಿ ಮಾಡಿದ ತಡಮೆ ದಾಟಿದ ಮೇಲೆ ಅದರ ಕೋಲುಗಳು ಮೊದಲಿನ ಹಾಗೇ ಇರಲಿ, ದನ ನುಗ್ಗಿದರೆ ಬೈಗುಳ ನಿಮಗೇ. ನಾಗಬನದ ಒಳಗೆ ಫೋಟೋಕ್ಕೆ ಅಂತ ಸುಮ್ನೆ ಹೆಜ್ಜೆ ಇಡಬೇಡಿ.

ಎರಡನೇ ದಿನಕ್ಕೆ ಸೀತಾಂಗೋಳಿಯಿಂದ ಅನಂತಪುರದ ಮೇಲೆ ಕುಂಬಳೆಗೆ ಇಳಿಯುವ ದಾರಿ ಚೆನ್ನ. ಇದು ಪದವಿನ ನಾಡು. ಕಣ್ಣು ಹಾಯುವಷ್ಟು ಚಪ್ಪಟೆ ಮುರಕಲ್ಲು, ಅಲ್ಲಲ್ಲಿ ನೀರು ನಿಲ್ಲುವ ಪಳ್ಳ. ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಇದೇ ಕಲ್ಲಿನ ಮೇಲೆ ಬೆರಳುದ್ದದ ನೀಲಿ ಹೂಗಳು ಹಾಸಿರುತ್ತವೆ. ಚಂದ ನೋಡಿ ಮೋಸ ಹೋಗಬೇಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಗಿಡ ಅದು. ನೀವು ಬರುವ ಹೊತ್ತಿಗೆ ಹೂ ಒಣಗಿರುತ್ತದೆ. ಪದವಿನಲ್ಲಿ ಭಯ ಇರುವುದು ಹಳೇ ಕಲ್ಲಿನ ಕೋರೆಗಳದ್ದು. ಕೆಂಪುಕಲ್ಲು ಕಡಿದು ಬಿಟ್ಟ ಹೊಂಡಗಳಿಗೆ ನೇರ ಗೋಡೆ, ಅಡಿಯಲ್ಲಿ ನೀರು, ಅಂಚಿಗೆ ಹುಲ್ಲು ಮುಚ್ಚಿಕೊಂಡಿರುತ್ತದೆ. ಕತ್ತಲಾದ ಮೇಲೆ ಪದವು ದಾಟಲೇಬೇಡಿ. ಅಕ್ಟೋಬರ್‌ನಲ್ಲೋ ಏಪ್ರಿಲ್, ಮೇಯಲ್ಲೋ ಬರುವವರು ಮಧ್ಯಾಹ್ನದ ಒಳಗೆ ಇಳಿದುಬಿಡಿ. ಮಧ್ಯಾಹ್ನದ ನಂತರ ಗುಡುಗು ಮಿಂಚು ಜಾಸ್ತಿ, ಆ ಬಯಲಿನಲ್ಲಿ ಎತ್ತರವಾಗಿ ನಿಂತಿರುವುದು ನೀವೊಬ್ಬರೇ.

ಅನಂತಪುರದ ಗುಡಿ ಮುರಕಲ್ಲಿನ ಕೆರೆಯ ನಡುವೆ ಇದೆ. ತಿರುವನಂತಪುರದ ಪದ್ಮನಾಭ ಸ್ವಾಮಿಯ ಮೂಲಸ್ಥಾನ ಇದೇ ಅಂತ ನಂಬಿಕೆ. ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು.

ಇನ್ನು ಕಡಲು. ಮೂರನೇ ದಿನ ಉಪ್ಪಳ, ಮಂಜೇಶ್ವರದ ಕಡೆ ಒಂದು ತುಂಡು ಆರಿಸಿಕೊಳ್ಳಿ. ಇಳಿತದ ಹೊತ್ತು ನೋಡಿ ಇಳಿಯಿರಿ. ಆಗ ಒದ್ದೆ ಮರಳು ಗಟ್ಟಿ ಇರುತ್ತದೆ. ಭರತದ ಹೊತ್ತಿಗೆ ಉಳಿಯುವುದು ಮೇಲಿನ ಪುಡಿ ಮರಳು ಮಾತ್ರ, ಎರಡು ಕಿಲೋಮೀಟರ್‌ಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಇವತ್ತಿನ ಹೊತ್ತು ನಾಳೆಗೆ ಸರಿ ಬರದು. ಕಡಲ್ಕೊರೆತ ತಡೆಯಲು ಬಂಡೆ ಹಾಕಿದ ಕಡೆ ಮರಳೇ ಇರುವುದಿಲ್ಲ. ಬಂಡೆ ಮೇಲೆ ಸರ್ಕಸ್ ಮಾಡಬೇಡಿ, ಹಿಂದಿನ ಊರ ರಸ್ತೆಯಲ್ಲಿ ಹೋಗಿ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಗಿಳಿವಿಂಡು ಇದೆ, ಬಿಸಿಲು ಏರಿದ ಮೇಲೆ ಅಲ್ಲಿಗೆ ಹೋಗಬಹುದು.

ಕೊನೆಯ ದಿನ ಚಂದ್ರಗಿರಿ ಸೇತುವೆ ದಾಟಿ ಆಚೆ ದಡದ ಹಳೇ ಕೋಟೆ ಹತ್ತಿ, ಹೊಳೆ ಕಡಲಿಗೆ ಸೇರುವುದನ್ನು ನೋಡಿ. ಆಮೇಲೆ ಬಸ್ಸಿನಲ್ಲಿ ಬೇಕಲ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ, 40 ಎಕರೆ, ಒಳಗೆ ಸುತ್ತಿದರೇ ಒಂದು ನಡಿಗೆ. ಸಂಜೆ ಕೋಟೆಯಿಂದ ತೆಂಕಕ್ಕೆ ಪಳ್ಳಿಕ್ಕರೆ ಮರಳಿನಲ್ಲಿ ಹೋಗಿ, ಕಾಲು ಸಾಕು ಅಂದಲ್ಲಿ ತಿರುಗಿ. ಚಿತ್ತಾರಿ ಅಳಿವೆ ದಾಟುವ ಹಟ ಬೇಡ.

ಭಾಷೆಗೆ ಹೆದರಬೇಡಿ. ಚಂದ್ರಗಿರಿಯ ಬಡಗಲಲ್ಲಿ ಕನ್ನಡ, ತುಳು ಎರಡೂ ನಡೆಯುತ್ತವೆ. ತೆಂಕಲಲ್ಲಿ ಮಲಯಾಳ ಜಾಸ್ತಿ, ಬಸ್ಸಿನ ಬೋರ್ಡೂ ಅದರಲ್ಲೇ. ಒಳ ಊರುಗಳಿಗೆ ಕತ್ತಲಾದ ಮೇಲೆ ಬಸ್ಸು ಕಡಿಮೆ. ಬೆಳಿಗ್ಗೆ ಇಳಿದಲ್ಲೇ ಚಾ ಅಂಗಡಿಯಲ್ಲಿ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಕೇಳಿ, ಅಲ್ಲಿನ ರಿಕ್ಷಾದವರ ನಂಬರ್ ಒಂದನ್ನು ತೆಗೆದುಕೊಂಡೇ ಹೊರಡಿ.