ವೀಟೋ ಇರುವಾಗ ವಿಶ್ವಸಂಸ್ಥೆಯನ್ನು ಬದಲಿಸಲು ಆಗುತ್ತಾ?

ಪ್ರಶ್ನೆ: ಐದು ದೇಶಗಳ ಕೈಯಲ್ಲಿ ವೀಟೋ ಇದೆ. ಅವು ಬೇಡ ಅಂದರೆ ವಿಶ್ವಸಂಸ್ಥೆಯ ಮೂಲ ನಿಯಮಗಳಿರುವ ಸನ್ನದಿನ ಒಂದಕ್ಷರವೂ ಬದಲಾಗಲ್ಲ. ಹಾಗಿರುವಾಗ ವಿಶ್ವಸಂಸ್ಥೆಯ ಸುಧಾರಣೆ ಅಂತ ಮಾತಾಡೋದು ಸುಮ್ನೆ ಕಾಲಹರಣ ಅಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಎಲ್ಲೋ ಯುದ್ಧ ನಡೆದಿರುತ್ತದೆ. ಭದ್ರತಾ ಮಂಡಳಿಯಲ್ಲಿ ಒಂದೇ ದೇಶ ಕೈ ಎತ್ತಿ ನಿರ್ಣಯವನ್ನು ಬೀಳಿಸುತ್ತದೆ. ಮರುದಿನವೇ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಸಿಟ್ಟು ನ್ಯಾಯವಾದದ್ದೇ, ನನಗೂ ಇದೆ. ಆದರೆ ಪ್ರಶ್ನೆಯ ಒಳಗೆ ಒಂದು ತಪ್ಪು ತಿಳುವಳಿಕೆ ಬೇರು ಬಿಟ್ಟು ಕೂತಿದೆ. 'ವೀಟೋ ಇರೋದರಿಂದ ಸನ್ನದು ಯಾವತ್ತೂ ಬದಲಾಗಿಲ್ಲ, ಬದಲಾಗುವುದೂ ಇಲ್ಲ' ಅನ್ನೋದು. ಓದಿದವರು, ಪಾಠ ಹೇಳುವವರು ಕೂಡ ಇದನ್ನೇ ಹೇಳುತ್ತಾರೆ.

ಸನ್ನದು ಬದಲಾಗಿದೆ. ಒಂದಲ್ಲ, ಮೂರು ಸಲ. ಅದರಲ್ಲಿ ಮೊದಲನೆಯದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

1945ರಲ್ಲಿ 51 ದೇಶಗಳು ಸೇರಿ ವಿಶ್ವಸಂಸ್ಥೆ ಕಟ್ಟಿದಾಗ ಭದ್ರತಾ ಮಂಡಳಿಯಲ್ಲಿ ಇದ್ದದ್ದು 11 ಕುರ್ಚಿ. ಐದು ಕಾಯಂ, ಉಳಿದ ಆರು ಎರಡೆರಡು ವರ್ಷಕ್ಕೆ ಆಯ್ಕೆಯಾಗಿ ಬರುವವರದು. ಆಮೇಲೆ ವಸಾಹತುಗಳು ಒಂದೊಂದಾಗಿ ಸ್ವತಂತ್ರವಾದವು. 1960ರ ಒಂದೇ ವರ್ಷದಲ್ಲಿ 17 ಹೊಸ ದೇಶಗಳು ಸೇರಿದವು, ಅವುಗಳಲ್ಲಿ 16 ಆಫ್ರಿಕಾದವು. 1963ರ ಹೊತ್ತಿಗೆ ಸದಸ್ಯರು 110 ದಾಟಿದ್ದರು. ಕುರ್ಚಿ ಮಾತ್ರ ಅದೇ 11. ನೂಕುನುಗ್ಗಲು ಎಷ್ಟಿತ್ತು ಅಂದರೆ, 1959ರಲ್ಲಿ ಒಂದೇ ಜಾಗಕ್ಕೆ ಪೋಲೆಂಡ್ ಮತ್ತು ಟರ್ಕಿ ಪೈಪೋಟಿಗೆ ನಿಂತವು. ಐವತ್ತಕ್ಕೂ ಜಾಸ್ತಿ ಸುತ್ತು ಮತ ಹಾಕಿದರೂ ತೀರ್ಮಾನವಾಗಲಿಲ್ಲ. ಕೊನೆಗೆ ಎರಡು ವರ್ಷದ ಅವಧಿಯನ್ನೇ ಪಾಲು ಮಾಡಿಕೊಂಡರು. 1960ರಲ್ಲಿ ಪೋಲೆಂಡ್ ಕೂತಿತು, 1961ರಲ್ಲಿ ಟರ್ಕಿ.

ಆಫ್ರಿಕಾ, ಏಷ್ಯಾದ ದೇಶಗಳು ಪಟ್ಟು ಹಿಡಿದವು. 1963ರ ಡಿಸೆಂಬರ್ 17ರಂದು, ಎಲ್ಲ ಸದಸ್ಯ ದೇಶಗಳೂ ಕೂರುವ ಸಾಮಾನ್ಯ ಸಭೆಯಲ್ಲಿ ಕುರ್ಚಿಗಳನ್ನು 11ರಿಂದ 15ಕ್ಕೆ ಏರಿಸುವ ನಿರ್ಣಯ ಮತಕ್ಕೆ ಬಂತು. ಪರವಾಗಿ 97, ವಿರುದ್ಧ 11, ಮತ ಹಾಕದೆ ಉಳಿದವರು 4. ಈಗ ಐದು ದೊಡ್ಡವರು ಏನು ಮಾಡಿದರು ನೋಡಿ. ಸೋವಿಯತ್ ಒಕ್ಕೂಟ ವಿರುದ್ಧ. ಫ್ರಾನ್ಸ್ ವಿರುದ್ಧ. ಅಮೆರಿಕ, ಬ್ರಿಟನ್ ದೂರ ಉಳಿದವು. ಪರವಾಗಿ ನಿಂತದ್ದು ಚೀನಾ ಒಂದೇ, ಅದೂ ಆಗ ಆ ಕುರ್ಚಿಯಲ್ಲಿದ್ದ ತೈವಾನಿನ ತೈಪೆ ಸರ್ಕಾರ. ಐವರಲ್ಲಿ ನಾಲ್ವರ ಬೆಂಬಲ ಇಲ್ಲದಿದ್ದರೂ ನಿರ್ಣಯ ಪಾಸಾಯಿತು!

ಹೇಗೆ? ಸನ್ನದಿನ 108ನೇ ವಿಧಿ ಓದಿದರೆ ಗೊತ್ತಾಗುತ್ತದೆ. ತಿದ್ದುಪಡಿಗೆ ಎರಡು ಬಾಗಿಲು ದಾಟಬೇಕು. ಮೊದಲನೆಯದು ಸಾಮಾನ್ಯ ಸಭೆಯಲ್ಲಿ ಒಟ್ಟು ಸದಸ್ಯರ ಮೂರನೇ ಎರಡು ಭಾಗದ ಮತ. ಇಲ್ಲಿ ಯಾರಿಗೂ ವೀಟೋ ಇಲ್ಲ. ಎರಡನೆಯದು, ಮೂರನೇ ಎರಡು ಭಾಗ ದೇಶಗಳು ತಮ್ಮ ತಮ್ಮ ಕಾನೂನಿನ ಪ್ರಕಾರ ಒಪ್ಪಿಗೆ ಕೊಡಬೇಕು. ಆ ಪಟ್ಟಿಯಲ್ಲಿ ಐದೂ ಕಾಯಂ ಸದಸ್ಯರು ಇರಲೇಬೇಕು. ತಡೆಯುವ ಶಕ್ತಿ ಅವರಿಗೆ ಸಿಗುವುದು ಈ ಎರಡನೇ ಬಾಗಿಲಲ್ಲಿ.

ಹಾಗಾದರೆ ವಿರೋಧಿಸಿದವರು ಅಲ್ಲೇ ತಡೆದರಾ? ಇಲ್ಲ. ಎರಡು ವರ್ಷದೊಳಗೆ ಐದೂ ದೇಶಗಳು ಸಹಿ ಹಾಕಿದವು. ಐವರಲ್ಲಿ ಮೊದಲು ಒಪ್ಪಿಗೆ ಕೊಟ್ಟದ್ದು, ವಿರುದ್ಧ ಮತ ಹಾಕಿದ್ದ ಸೋವಿಯತ್ ಒಕ್ಕೂಟವೇ. ಕೊನೆಯದು ಅಮೆರಿಕ, 1965ರ ಆಗಸ್ಟ್ 31ರಂದು. ಅವತ್ತೇ ತಿದ್ದುಪಡಿ ಜಾರಿಗೆ ಬಂತು. ಅದು ಶೀತಲ ಸಮರದ ಕಾಲ. ಹೊಸ ದೇಶಗಳ ಸ್ನೇಹ ಎರಡೂ ಬಣಕ್ಕೆ ಬೇಕಿತ್ತು. ಅಷ್ಟು ದೇಶಗಳು ಒಂದಾಗಿ ನಿಂತಿರುವಾಗ 'ನಿಮ್ಮ ಕುರ್ಚಿಗೆ ನಾವೇ ಅಡ್ಡಿ' ಅಂತ ಒಂಟಿಯಾಗಿ ಹೇಳಲು ಯಾರೂ ತಯಾರಿರಲಿಲ್ಲ.

ಆ ತಿದ್ದುಪಡಿ ವೀಟೋವನ್ನು ಮುಟ್ಟಲಿಲ್ಲ ಅನ್ನುತ್ತೀರಿ. ನಿಜ. ವೀಟೋವನ್ನೇ ತೆಗೆಯಲು ಅದನ್ನು ಹಿಡಿದುಕೊಂಡವರ ಸಹಿಯೇ ಬೇಕು, ಅದು ಸದ್ಯಕ್ಕೆ ಆಗುವ ಮಾತಲ್ಲ. ಆದರೆ ಅದರ ಸುತ್ತ ಕೆಲಸ ನಡೆದಿದೆ. 1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಲ್ಲಿ ಬ್ರಿಟನ್, ಫ್ರಾನ್ಸ್ ವೀಟೋ ಹಾಕಿದಾಗ ವಿಷಯ ಸಾಮಾನ್ಯ ಸಭೆಯ ತುರ್ತು ಅಧಿವೇಶನಕ್ಕೆ ಹೋಯಿತು. ಅಲ್ಲಿಂದಲೇ ಶಾಂತಿಪಾಲನಾ ಪಡೆ ಹೊರಟಿತು. 2022ರ ಏಪ್ರಿಲ್‌ನಲ್ಲಿ ಲಿಕ್ಟನ್‌ಸ್ಟೈನ್ ಎಂಬ ಪುಟ್ಟ ದೇಶ ಮುಂದೆ ನಿಂತು ಇನ್ನೊಂದು ನಿಯಮ ತಂದಿತು. ಯಾರೇ ವೀಟೋ ಹಾಕಲಿ, ಹತ್ತು ಕೆಲಸದ ದಿನಗಳೊಳಗೆ ಸಾಮಾನ್ಯ ಸಭೆ ಸೇರಿ ಅದರ ಬಗ್ಗೆ ಚರ್ಚೆ ಮಾಡಬೇಕು. ವೀಟೋ ಇದರಿಂದ ರದ್ದಾಗುವುದಿಲ್ಲ. ಆದರೆ ಹಾಕಿದವರ ಹೆಸರು ಹಿಡಿದು, ಎಲ್ಲರ ಎದುರಿಗೆ ಪ್ರಶ್ನೆ ಕೇಳಬಹುದು. ನನಗೆ ಇದು ಸಣ್ಣದು ಅನಿಸುವುದಿಲ್ಲ.

ಇವತ್ತು ಸದಸ್ಯರು 193, ಕುರ್ಚಿ ಅದೇ 15. ಆಫ್ರಿಕಾದ 54 ದೇಶಗಳಿಗೆ ಒಂದೂ ಕಾಯಂ ಕುರ್ಚಿ ಇಲ್ಲ. ಇದನ್ನು ಬದಲಿಸಲು ಮೊದಲ ಬಾಗಿಲಲ್ಲಿ ಬೇಕಿರುವುದು 129 ಮತ. ಭಾರತ, ಬ್ರೆಜಿಲ್, ಜರ್ಮನಿ, ಜಪಾನ್ ಕಾಯಂ ಜಾಗ ಕೇಳುತ್ತವೆ. ಇಟಲಿ, ಪಾಕಿಸ್ತಾನದಂಥ ದೇಶಗಳು ಹೊಸ ಕಾಯಂ ಜಾಗವೇ ಬೇಡ ಅನ್ನುತ್ತವೆ. ಆಫ್ರಿಕಾದ ದೇಶಗಳು ತಮಗೆ ಎರಡು ಕಾಯಂ ಜಾಗ ಬೇಕು, ವೀಟೋ ಸಮೇತ ಬೇಕು ಅನ್ನುತ್ತವೆ. 2005ರಲ್ಲಿ ಭಾರತದ ಗುಂಪು ತಂದ ಕರಡು ಮತಕ್ಕೇ ಬರಲಿಲ್ಲ. ಅಂದರೆ ಐವರು ಅಡ್ಡಗಾಲು ಹಾಕುವ ಹಂತಕ್ಕೆ ನಾವಿನ್ನೂ ಹೋಗೇ ಇಲ್ಲ. ನಿಂತಿರುವುದು ಬೀಗವಿಲ್ಲದ ಬಾಗಿಲ ಮುಂದೆ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಒಂದು ಮಾತು. ವೀಟೋ ಅಂದರೆ ಎಲ್ಲರ ಕಣ್ಣು ಭದ್ರತಾ ಮಂಡಳಿಯ ಕಡೆಗೇ ಹೋಗುತ್ತದೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಕಡೆ ಯಾರೂ ನೋಡುವುದಿಲ್ಲ. ಅಲ್ಲಿ ದೇಶಕ್ಕೊಂದು ಮತ ಅಲ್ಲ, ನಿಧಿಯಲ್ಲಿರುವ ಹಣದ ಪಾಲಿನ ಪ್ರಕಾರ ಮತ. ದೊಡ್ಡ ತೀರ್ಮಾನಗಳಿಗೆ ಶೇ 85ರಷ್ಟು ಮತ ಬೇಕು. ಅಮೆರಿಕ ಒಂದರ ಬಳಿಯೇ ಶೇ 16ಕ್ಕಿಂತ ಜಾಸ್ತಿ ಇದೆ. ಲೆಕ್ಕ ನೀವೇ ಹಾಕಿ. ವೀಟೋ ಅನ್ನೋ ಪದವೇ ಬೇಕಿಲ್ಲ. ಚೀನಾ, ಭಾರತದಂಥ ದೇಶಗಳ ಪಾಲು ಹೆಚ್ಚಿಸಲು 2010ರಲ್ಲಿ ಒಪ್ಪಿಕೊಂಡ ಸುಧಾರಣೆ ಜಾರಿಯಾದದ್ದು 2016ರ ಜನವರಿಯಲ್ಲಿ. ಅಮೆರಿಕದ ಸಂಸತ್ತು ಒಪ್ಪುವವರೆಗೆ ಎಲ್ಲರೂ ಕಾಯಬೇಕಾಯಿತು.

ಇನ್ನು ನಿಧಿಯ ಮುಖ್ಯಸ್ಥರು ಶುರುವಿನಿಂದಲೂ ಯುರೋಪಿನವರೇ, ವಿಶ್ವಬ್ಯಾಂಕಿಗೆ ಆಯ್ಕೆಯಾದ ಅಧ್ಯಕ್ಷರೆಲ್ಲ ಅಮೆರಿಕದ ಪ್ರಜೆಗಳೇ. ಹೀಗೇ ಇರಬೇಕು ಅಂತ ಯಾವ ನಿಯಮದಲ್ಲೂ ಬರೆದಿಲ್ಲ. ಇದನ್ನು ನಿಲ್ಲಿಸಲು ಯಾವ ಸನ್ನದಿಗೂ ತಿದ್ದುಪಡಿ ಬೇಕಾಗಿಲ್ಲ.